ಎತ್ತಿನ ಜೀಪಿಗೊಂದು ಹಣಿಗೆ ಕಡ್ಡಿ

ನಂದಗುಡಿ
18-8-1991

ದೊಡ್ಡಬಳ್ಳಾಪುರದ ರಾಮಲಿಂಗಯ್ಯನವರಿಗೆ ನಂದಗುಡಿಯ ಮಾರಕ್ಕ ಬರೆಯುವುದು.

ನಾನು ಯಾರೋ ನೀವು ಯಾರೋ. ನಮ್ಮಿಬ್ಬರ ನಡುವೆ ಇರುವುದು ಒಂದು ಪಂಪ್ ಸ್ಟವ್ವು ಮಾತ್ರ. ನಮ್ಮೂರ ಹಾಲಿನ ಡೈರಿಗೆ ಬರುವ ವಾರಪತ್ರಿಕೆಯ ‘ಮನೆಯಲ್ಲೇ ರಿಪೇರಿ’ ಪುಟದಲ್ಲಿ ನೀವು ಬರೆದದ್ದನ್ನು ಓದಿದೆ. ಕೆಳಗೆ ನಿಮ್ಮ ವಿಳಾಸವನ್ನೂ ಹಾಕಿದ್ದರು. ಒಳ್ಳೆಯದೇ ಆಯಿತು, ಜಗಳ ಆಡುವುದಕ್ಕೂ ಒಂದು ವಿಳಾಸ ಬೇಕಲ್ಲ.

ಪಂಪಿನ ಚರ್ಮದ ವಾಷರ್ ಒಣಗಿದ್ದರೆ ಹರಳೆಣ್ಣೆಯಲ್ಲಿ ನೆನೆಸಿ ಹಾಕಿ ಎಂದಿರಿ. ನೆನೆಸಿದ ಮೇಲೆ ಹಿಂಡಬೇಕು ಎಂದು ಯಾಕೆ ಬರೆಯಲಿಲ್ಲ? ನಾನು ನೆನೆಸಿದೆ, ಹಾಕಿದೆ, ಜೋರಾಗಿ ಒಂದು ಪಂಪು ಹೊಡೆದೆ. ಎದುರಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದ ನಮ್ಮತ್ತೆ ಪಿಳ್ಳಮ್ಮನವರ ಮುಖದ ತುಂಬ ಎಣ್ಣೆ. “ಏನೇ ಮಾರಿ, ದೀಪಾವಳಿ ಇನ್ನೂ ದೂರ ಐತೆ, ಈಗ್ಲೇ ಎಣ್ಣೆ ನೀರು ಹಾಕ್ತಿದೀಯಾ?” ಎಂದರು. ನಾನು ನಕ್ಕೆ. ನಗಬಾರದಿತ್ತು.

ಆದರೆ ಆಮೇಲೆ ಆ ಸ್ಟವ್ವು ಉರಿದ ಚೆಂದ ಏನು ಹೇಳಲಿ! ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅಂಥ ನೀಲಿ ಉರಿ ಕಂಡಿರಲಿಲ್ಲ. ಅತ್ತೆಯೇ ಎರಡು ಸಲ ಬಂದು ಬಗ್ಗಿ ನೋಡಿ ಹೋದರು. ಆದ್ದರಿಂದ ಅರ್ಧ ಜಗಳ, ಅರ್ಧ ನಮಸ್ಕಾರ.

ಈಗ ನಿಜವಾದ ವಿಷಯ. ನನಗೆ ಬಿಚ್ಚಿ ಜೋಡಿಸುವ ಹುಚ್ಚಿದೆ. ಪಂಪ್‌ಸೆಟ್ಟು, ರೇಡಿಯೊ, ಮಿಕ್ಸಿ, ಏನಾದರೂ ಸರಿ. ತವರು ಸಮೇತನಹಳ್ಳಿಯಲ್ಲಿ ಅಣ್ಣನ ಟ್ರ್ಯಾಕ್ಟರ್ ಓಡಿಸಿ ಕಲಿತವಳು. ನಮ್ಮ ಕೊಟ್ಟಿಗೆಯಲ್ಲಿ ಒಂದು ಪೆಟ್ರೋಲ್ ಜೀಪಿದೆ. ನನ್ನ ಗಂಡ ಚಿಕ್ಕಬೀರಪ್ಪ ಹರಾಜಿನಲ್ಲಿ ಹಿಡಿದು ತಂದದ್ದು. ತಂದ ಹೊಸತರಲ್ಲೇ ಸೂಲಿಬೆಲೆ ದಾರಿಯಲ್ಲಿ ನಿಂತುಹೋಯಿತು. ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ಊರವರು ಅದಕ್ಕೆ ಎತ್ತಿನ ಜೀಪು ಎಂದು ಹೆಸರಿಟ್ಟರು. ಆ ದಿನದಿಂದ ನನ್ನ ಗಂಡ ಅದರ ಕಡೆ ತಿರುಗಿಯೂ ನೋಡಿಲ್ಲ. ಈಗ ಅದರಲ್ಲಿ ಕೋಳಿಗಳು ಮೊಟ್ಟೆಯಿಡುತ್ತವೆ. ನನಗೆ ಅದು ಬೇಕು. ನನ್ನ ಟೊಮೇಟೊ ಬುಟ್ಟಿಗಳನ್ನು ಬಸ್ಸಿನ ಮೇಲಿಂದ ಎಸೆಯುವ ಕಂಡಕ್ಟರ್‌ನ ಮುಂದೆ ಕೈಮುಗಿದು ನಿಲ್ಲುವುದು ನನಗೆ ಸಾಕಾಗಿದೆ. ಎಲ್ಲಿಂದ ಶುರು ಮಾಡಲಿ?

ಸಿಟ್ಟು ಇಳಿದಿರುವ,
ಮಾರಕ್ಕ

*

ದೊಡ್ಡಬಳ್ಳಾಪುರ
30-8-1991

ಮಾರಕ್ಕನವರಿಗೆ ರಾಮಲಿಂಗಯ್ಯನ ನಮಸ್ಕಾರಗಳು.

ಹಿಂಡುವ ಮಾತನ್ನು ನಾನು ಬರೆದಿದ್ದೆ, ಪತ್ರಿಕೆಯವರು ಕತ್ತರಿಸಿದರು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನಿಜವೆಂದರೆ ಮರೆತೆ. ನಿಮ್ಮ ಅತ್ತೆಯವರಿಗೆ ನನ್ನ ಕ್ಷಮೆ ತಿಳಿಸಿ. ನಿಮ್ಮ ಕಾಗದವನ್ನು ನನ್ನ ಹೆಂಡತಿ ರುಕ್ಮಿಣಿಗೆ ತೋರಿಸಿದೆ. ಅವಳು ಓದಿ ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ನನ್ನ ಕಸುಬು ಮಗ್ಗ. ನಮ್ಮ ಶೆಡ್ಡಿನಲ್ಲಿ ಪವರ್‌ಲೂಮ್‌ಗಳಿವೆ, ಈಗ ಅವನ್ನು ಮಗ ನಂದಕುಮಾರ ನೋಡಿಕೊಳ್ಳುತ್ತಾನೆ. ನಾನು ಜಗಲಿಯ ಮೇಲೆ ಕೂತು ಬೀದಿಯವರ ಇಸ್ತ್ರಿ ಪೆಟ್ಟಿಗೆ, ಸ್ಟವ್ವು ಸರಿಮಾಡುತ್ತೇನೆ. ವಾಹನದ ಕೆಲಸ ಕಲಿತದ್ದು ಪಕ್ಕದ ಸೀರೆ ಅಂಗಡಿಯ ಆದಿನಾರಾಯಣಪ್ಪನವರ ಅಂಬಾಸಿಡರಿನಲ್ಲಿ. ಭಾನುವಾರಗಳಲ್ಲಿ ಅದನ್ನು ಬಿಚ್ಚಿ ಹರಡುತ್ತಿದ್ದೆ. ಸೋಮವಾರ ಅವರು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದಾರೆ, ಒಂದು ಮಾತು ಆಡಿದವರಲ್ಲ.

ಅಷ್ಟು ದಿನ ನಿಂತ ಇಂಜಿನ್ನನ್ನು ಒಮ್ಮೆಲೇ ತಿರುಗಿಸಬೇಡಿ. ಕಿಡಿ ಹೊತ್ತಿಸುವ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ತೂತಿಗೂ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ನೆನೆಯಲು ಬಿಡಿ. ಮಾರನೆಯ ದಿನ ತೂತಿನ ಮೇಲೆ ಅಂಗೈ ಒತ್ತಿ ಹಿಡಿದು, ಜೀಪಿನ ಮುಂದೆ ತೂರಿಸುವ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಲು ಬೇರೆಯವರಿಗೆ ಹೇಳಿ. ಗಾಳಿ ನಿಮ್ಮ ಕೈಯನ್ನು ಹಿಂದಕ್ಕೆ ತಳ್ಳಬೇಕು. ನಾಲ್ಕೂ ತಳ್ಳಿದರೆ ಇಂಜಿನ್ ಬದುಕಿದೆ ಎಂದರ್ಥ. ಪೆಟ್ರೋಲ್ ಟ್ಯಾಂಕು ಇಳಿಸಿ, ಸೀಮೆಎಣ್ಣೆ ಮತ್ತು ಒಂದು ಹಿಡಿ ಜಲ್ಲಿ ಹಾಕಿ ಕುಲುಕಿ ತೊಳೆಯಿರಿ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಅದು ಹಿಂದಕ್ಕೆ ಒದ್ದರೆ ಮೂಳೆ ಮುರಿಯುತ್ತದೆ. ಇದನ್ನು ಮರೆಯದೆ ಬರೆದಿದ್ದೇನೆ, ನೋಡಿ.

ವಿಶ್ವಾಸವಿರಲಿ,
ರಾಮಲಿಂಗಯ್ಯ

*

ನಂದಗುಡಿ
6-10-1991

ರಾಮಲಿಂಗಣ್ಣನಿಗೆ,

ಅಣ್ಣ ಎಂದೇ ಕರೆಯುತ್ತೇನೆ. ‘ನವರು’ ಸೇರಿಸುತ್ತಾ ಕೂತರೆ ಕಾಗದದಲ್ಲಿ ಜಾಗ ಹಾಳು.

ನಾಲ್ಕೂ ತಳ್ಳಿದವು ಅಣ್ಣಾ! ಹ್ಯಾಂಡಲ್ ತಿರುಗಿಸಲು ನನ್ನ ಗಂಡನನ್ನು ಕರೆಯುವುದೇ ದೊಡ್ಡ ಕೆಲಸವಾಯಿತು. “ಊರೋರು ಮರ್ತವ್ರೆ ಕಣೇ, ನೀನ್ಯಾಕೆ ಮತ್ತೆ ನೆಪ್ಪು ಮಾಡ್ತೀಯಾ?” ಎಂದು ಗೊಣಗುತ್ತಲೇ ತಿರುಗಿಸಿದರು. ಮೊದಲನೇ ತೂತಿನಿಂದ ಗಾಳಿ ನನ್ನ ಅಂಗೈಯನ್ನು ಹಿಂದಕ್ಕೆ ನೂಕಿದಾಗ, ಬಸುರಿಯ ಹೊಟ್ಟೆ ಮುಟ್ಟಿದಾಗ ಮಗು ಒದ್ದ ಹಾಗಾಯಿತು. ಖುಷಿಗೆ ಕೂಗಿಬಿಟ್ಟೆ. ಕೋಳಿಗಳೆಲ್ಲ ಹಾರಿಹೋದವು. ಅದರಲ್ಲಿ ಒಂದು ಕೆಂಚಿ ಇದೆ, ಡ್ರೈವರ್ ಸೀಟು ಬಿಟ್ಟು ಬೇರೆಲ್ಲೂ ಮೊಟ್ಟೆಯಿಡುವುದಿಲ್ಲ. ಅದಕ್ಕೆ ಹಿಂದಿನ ಸೀಟಿನಲ್ಲಿ ಬುಟ್ಟಿ ಇಟ್ಟು ಕೊಟ್ಟಿದ್ದೇನೆ. ಇನ್ನೂ ಒಪ್ಪಿಲ್ಲ.

ಟ್ಯಾಂಕು ತೊಳೆದೆ. ಒಳಗಿಂದ ಬಂದ ತುಕ್ಕು ನೋಡಿ ಅತ್ತೆ ಕೆಮ್ಮಣ್ಣು ಅಂದುಕೊಂಡರು. ಇಲಿ ಕಡಿದ ವೈರುಗಳನ್ನು ಬದಲಾಯಿಸಿದೆ. ತವರಿನ ಟ್ರ್ಯಾಕ್ಟರಿನ ಬ್ಯಾಟರಿ ತರಿಸಿದೆ. ಆದರೆ ಪ್ಲಗ್ಗಿನಲ್ಲಿ ಕಿಡಿ ಬರುತ್ತಿಲ್ಲ.

ನಡುವೆ ಒಂದು ಕೆಟ್ಟ ಸುದ್ದಿ. ಹೊಸಕೋಟೆಯಿಂದ ಗುಜರಿಯವನು ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿದ, ದನ ನೋಡಲು ಬಂದವರ ಹಾಗೆ. ನನ್ನ ಗಂಡ ಅವನಿಗೆ ಮಾತು ಕೊಟ್ಟೇಬಿಡುತ್ತಿದ್ದರು. ನಾನು ಅಡ್ಡ ನಿಂತೆ. ಕೊನೆಗೆ, “ಯುಗಾದಿ ಗಂಟ ನೋಡ್ತೀನಿ. ಅಷ್ಟ್ರೊಳ್ಗೆ ತಾನಾಗೇ ಓಡಿ ಊರ ಬಾಗ್ಲು ದಾಟಿದ್ರೆ ನಿಂದು. ಇಲ್ದಿದ್ರೆ ಗುಜರೀಗೆ. ಆಮ್ಯಾಕೆ ಅಳ್ಬಾರ್ದು” ಎಂದರು. ಒಳ್ಳೆಯ ಮನುಷ್ಯ ಅಣ್ಣಾ, ಆದರೆ ಊರವರ ನಗೆಗೆ ಹೆದರಿದ್ದಾರೆ. ಆ ಹೆದರಿಕೆಯನ್ನು ನಾನು ಯಾವ ಸ್ಪ್ಯಾನರಿನಿಂದ ಬಿಚ್ಚಲಿ?

ನೀವೇ ಒಂದು ಸಲ ಬಂದುಹೋಗಬಾರದೇ? ಇಂಜಿನ್ನಿನ ಪಕ್ಕ ನಿಂತು ಕೇಳಿದರೆ ನಿಮಗೆ ಎಲ್ಲ ತಿಳಿದುಬಿಡುತ್ತದೆ.

ಕಿಡಿಗಾಗಿ ಕಾದಿರುವ ನಿಮ್ಮ ತಂಗಿ,
ಮಾರಕ್ಕ

*

ದೊಡ್ಡಬಳ್ಳಾಪುರ
20-10-1991

ತಂಗಿ ಮಾರಕ್ಕನಿಗೆ,

ಬರುವುದಕ್ಕೆ ಸದ್ಯ ಆಗುವುದಿಲ್ಲ. ಕಾಗದದಲ್ಲೇ ಕೆಲಸ ಸಾಗಲಿ.

ಕಿಡಿ ಇಲ್ಲವೆಂದರೆ ಡಿಸ್ಟ್ರಿಬ್ಯೂಟರ್ ಡಬ್ಬಿಯ ಮುಚ್ಚಳ ತೆಗೆಯಿರಿ. ಒಳಗೆ ಸಣ್ಣ ಕೊಕ್ಕಿನಂಥ ಎರಡು ತುದಿಗಳಿವೆ, ತೆರೆದು ಮುಚ್ಚುತ್ತಿರುತ್ತವೆ. ಅವಕ್ಕೆ ಪಾಯಿಂಟು ಎನ್ನುತ್ತಾರೆ. ನಿಂತ ಗಾಡಿಯಲ್ಲಿ ಅವು ಕಿಲುಬು ಹಿಡಿದಿರುತ್ತವೆ. ನಯವಾದ ಉಪ್ಪು ಕಾಗದದಿಂದ ಉಜ್ಜಿ. ಆಮೇಲೆ ಹ್ಯಾಂಡಲ್ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಕೊಕ್ಕು ಪೂರ್ತಿ ತೆರೆದಾಗ ನಿಲ್ಲಿಸಿ. ಆ ಸಂದಿ ಎಷ್ಟಿರಬೇಕು ಎನ್ನುವುದರಲ್ಲೇ ಎಲ್ಲ ಇದೆ.

ಸಂದಿ ಅಳೆಯಲು ಮೆಕ್ಯಾನಿಕ್ಕುಗಳ ಹತ್ತಿರ ತಗಡಿನ ಪಟ್ಟಿಗಳಿರುತ್ತವೆ. ನನ್ನ ಹತ್ತಿರ ಎಂದೂ ಇರಲಿಲ್ಲ. ನಾನು ಬಳಸುತ್ತಿದ್ದದ್ದು ಮಗ್ಗದ ಹಣಿಗೆಯ ಒಂದು ಕಡ್ಡಿ. ಹಾಸಿನ ಎಳೆಗಳು ತೂರಿಬರುವ ಉಕ್ಕಿನ ಬಾಚಣಿಗೆಗೆ ಹಣಿಗೆ ಎನ್ನುತ್ತೇವೆ. ಅದರ ಕಡ್ಡಿಯ ದಪ್ಪ, ಪಾಯಿಂಟಿನ ಸಂದಿ ಎರಡೂ ಒಂದೇ. ಆದಿನಾರಾಯಣಪ್ಪನವರ ಕಾರು ಎಷ್ಟೋ ವರ್ಷ ನಮ್ಮ ಹಣಿಗೆ ಕಡ್ಡಿಯ ಅಳತೆಯಲ್ಲೇ ಓಡಿದೆ. ಒಂದು ಕಡ್ಡಿ ತಂದು ಈ ಲಕೋಟೆಯಲ್ಲಿ ಹಾಕಿ ಅಂಟಿಸಲು ರುಕ್ಮಿಣಿಗೆ ಹೇಳಿದ್ದೇನೆ. ಅದನ್ನು ಸಂದಿಯಲ್ಲಿ ಇಟ್ಟು, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರುವಂತೆ ಸ್ಕ್ರೂ ಬಿಗಿಯಿರಿ.

ನಿಮ್ಮ ಧೈರ್ಯ ನನಗೆ ತುಂಬ ಹಿಡಿಸಿತು. ನಾನು ಮೊದಲ ಸಲ ಇಂಜಿನ್ ಬಿಚ್ಚಿದಾಗ ಒಂದೊಂದು ನಟ್ಟಿಗೂ ಚೀಟಿ ಕಟ್ಟಿ ಇಟ್ಟಿದ್ದೆ.

ಇಂತು,
ರಾಮಲಿಂಗಯ್ಯ

*

ನಂದಗುಡಿ
2-12-1991

ಅಣ್ಣನಿಗೆ,

ಶುರುವಾಯಿತು! ಶುರುವಾಯಿತು ಅಣ್ಣಾ!

ನೀವು ಮನುಷ್ಯರೋ ಏನು? ಜೀಪು ನೋಡಿಲ್ಲ, ನನ್ನನ್ನೂ ನೋಡಿಲ್ಲ, ಒಂದು ಕಡ್ಡಿ ಅಂಚೆಗೆ ಹಾಕಿ ಎಲ್ಲೋ ಕೂತು ಇಲ್ಲಿ ಕಿಡಿ ಹೊತ್ತಿಸಿದಿರಿ. ನನ್ನ ಗಂಡ ಹ್ಯಾಂಡಲ್ ಹೊಡೆದರು, ಹೊಗೆಯೊಂದಿಗೆ ನೆಲ್ಲುಹುಲ್ಲು, ಕೋಳಿ ಪುಕ್ಕ ಎಲ್ಲ ಸೈಲೆನ್ಸರಿನಿಂದ ಹಾರಿ ಬಂತು. ಅತ್ತೆ ಕೈಮುಗಿದರು. ನನ್ನ ಗಂಡ ನಗುತ್ತಿದ್ದರು. ನಾನು ನೋಡಿದ ತಕ್ಷಣ ಮುಖ ಗಂಟು ಹಾಕಿಕೊಂಡರು.

ಆದರೆ ಇಂಜಿನ್ ಕಾಯುತ್ತಿದ್ದ ಹಾಗೆ ಕೆಮ್ಮಿ ನಿಂತುಬಿಟ್ಟಿತು. ಆರಿದ ಮೇಲೆ ಮತ್ತೆ ಶುರು, ಮತ್ತೆ ಕೆಮ್ಮು. ಗೇರು ಹಾಕಿದರೆ ಕೊಟ್ಟಿಗೆ ದಾಟುವುದಿಲ್ಲ. ಪಾಯಿಂಟು ಬಿಚ್ಚಿದರೆ ತುದಿ ಕಪ್ಪಾಗಿರುತ್ತದೆ. ಉಜ್ಜುತ್ತೇನೆ, ನಿಮ್ಮ ಕಡ್ಡಿ ಇಟ್ಟು ಅಳೆದು ಹಾಕುತ್ತೇನೆ, ಮತ್ತೆ ಅದೇ ಕಥೆ. ಏನು ಮಾಡಲಿ?

ಗೆದ್ದೂ ಗೆಲ್ಲದ,
ಮಾರಕ್ಕ

*

ದೊಡ್ಡಬಳ್ಳಾಪುರ
12-12-1991

ತಂಗಿ ಮಾರಕ್ಕನಿಗೆ,

ನಿಮ್ಮ ಕಾಗದ ಓದಿ ಜಗಲಿಯಿಂದ ಎದ್ದು ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದೆ. ಎದುರು ಸಿಕ್ಕ ಆದಿನಾರಾಯಣಪ್ಪನವರಿಗೂ ತೋರಿಸಿದೆ.

ಕಡ್ಡಿಯ ಅಳತೆ ಸರಿಯಿರುವಾಗ ಪಾಯಿಂಟಿನ ಮೇಲೆ ಅನುಮಾನ ಬೇಡ. ಕಾದ ಮೇಲೆ ನಿಲ್ಲುತ್ತದೆ ಎಂದರೆ ಪೆಟ್ರೋಲ್ ಸಾಲುತ್ತಿಲ್ಲ. ಕಾರ್ಬರೇಟರ್ ಬಿಚ್ಚಿ ಅದರ ಸಣ್ಣ ರಂಧ್ರಗಳನ್ನು ಬಾಯಿಂದ ಊದಿ ಸ್ವಚ್ಛ ಮಾಡಿ. ಮೊದಲ ಸಲಕ್ಕೆ ಹೋಗದಿದ್ದರೆ ಮತ್ತೆ ಮಾಡಿ.

ಇಂತು ನಿಮ್ಮ ಅಣ್ಣ,
ರಾಮಲಿಂಗಯ್ಯ

*

ನಂದಗುಡಿ
20-1-1992

ರಾಮಲಿಂಗಯ್ಯನವರಿಗೆ,

ಇವತ್ತು ‘ನವರು’ ಸೇರಿಸಿದ್ದೇನೆ, ಗಮನಿಸಿ.

ಕಾರ್ಬರೇಟರನ್ನು ಎಷ್ಟು ಸಲ ಬಿಚ್ಚಿದೆನೆಂದರೆ ಈಗ ಅದು ನನ್ನನ್ನು ಕಂಡರೆ ತಾನೇ ಬಿಚ್ಚಿಕೊಳ್ಳುತ್ತದೆ. ಬಾಯಿ ತುಂಬ ಪೆಟ್ರೋಲ್ ವಾಸನೆ. ಜೀಪು ಮಾತ್ರ ಕೆಮ್ಮುವುದು ಬಿಟ್ಟಿಲ್ಲ. ಕಾಗದಕ್ಕೆ ಕಾಯಲು ತಾಳ್ಮೆ ಸಾಲದೆ, ಹೊಸಕೋಟೆಯ ಎಸ್‌ಟಿಡಿ ಬೂತಿಗೆ ಹೋಗಿ, ಡೈರೆಕ್ಟರಿಯಲ್ಲಿ ನಂಬರ್ ಹುಡುಕಿಸಿ ನಿಮ್ಮ ಪಕ್ಕದ ಸೀರೆ ಅಂಗಡಿಗೆ ಫೋನು ಮಾಡಿದೆ. ಪಾಪ ಅವರು ನಿಮ್ಮನ್ನು ಕರೆದು ತಂದರು.

ನಾನು ಅಷ್ಟೆಲ್ಲ ಹೇಳಿದೆ. ಕಾರ್ಬರೇಟರ್ ಸೋರುತ್ತಿದೆ ಅಂದೆ. ನೀವು “ಸರಿ ಸರಿ” ಎಂದಿರಿ. ಜೋಡಿಸಿದ ಮೇಲೆ ಒಂದು ನಟ್ಟು ಕೈಯಲ್ಲಿ ಉಳಿದಿದೆ, ಎಲ್ಲಿ ಹಾಕಲಿ ಅಂದೆ. “ಸರಿಯಮ್ಮ, ಸರಿ” ಎಂದಿರಿ. ಯುಗಾದಿಗೆ ಬಾ ಎಂದು ಗಂಡ ಗುಜರಿಯವನಿಗೆ ಹೇಳಿ ಕಳಿಸಿದ್ದಾರೆ ಎಂದು ಅಳು ಬರುವ ಹಾಗೆ ಹೇಳಿದೆ. “ಎಲ್ಲರೂ ಕ್ಷೇಮ” ಎಂದು ಫೋನು ಇಟ್ಟಿರಿ!

ಹೆಂಗಸಿನ ಹುಚ್ಚು ಎಂದು ನಿಮಗೂ ಅನ್ನಿಸಿಬಿಟ್ಟಿತೇ? ಹೊಸಕೋಟೆಯ ಒಬ್ಬ ಮೆಕ್ಯಾನಿಕ್ಕು ಕೊಟ್ಟಿಗೆಯ ಹೊರಗೇ ನಿಂತು ಸದ್ದು ಕೇಳಿ, “ಇದಕ್ಕೆ ಆಯಸ್ಸು ಮುಗೀತಕ್ಕಾ” ಎಂದು ಕಾಫಿ ಕುಡಿದು ಹೋದ. ಅವನ ಮಾತು ನನಗೆ ತಾಗಲಿಲ್ಲ. ನಿಮ್ಮ ‘ಸರಿ ಸರಿ’ ತಾಗಿತು.

ಮಾರಕ್ಕ

*

ದೊಡ್ಡಬಳ್ಳಾಪುರ
2-2-1992

ತಂಗಿ ಮಾರಕ್ಕನಿಗೆ,

ಆ ದಿನ ಫೋನಿನಲ್ಲಿ ನನಗೆ ಒಂದು ಮಾತೂ ಕೇಳಿಸಲಿಲ್ಲ. ಲೈನಿನ ತಪ್ಪಲ್ಲ. ನನಗೆ ಕಿವಿ ಹೋಗಿದೆ.

ಹುಟ್ಟಿದ್ದು, ಬೆಳೆದದ್ದು ಮಗ್ಗಗಳ ಸದ್ದಿನಲ್ಲೇ. ನಮ್ಮಲ್ಲಿ ಎಷ್ಟೋ ಮಂದಿಗೆ ವಯಸ್ಸಾದ ಮೇಲೆ ಬರುವುದು ನನಗೆ ಬೇಗ ಬಂತು. ಮುಖ ನೋಡಿಕೊಂಡು ಹತ್ತಿರದಲ್ಲಿ ಮಾತಾಡಿದರೆ ಅರ್ಧ ತಿಳಿಯುತ್ತದೆ. ಫೋನಿಗೆ ಮುಖವಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಏನೋ ಕೇಳುತ್ತಾನೆ, ನಾನು ಇನ್ನೇನೋ ಹೇಳುತ್ತೇನೆ, ಜನ ನಗುತ್ತಾರೆ. ಅದಕ್ಕೇ ನಿಮ್ಮೂರಿಗೆ ಬರಲಿಲ್ಲ.

ಒಂದು ಕಾಲದಲ್ಲಿ ಬೀದಿಯ ಈ ತುದಿಯಲ್ಲಿ ನಿಂತು ಆ ತುದಿಯ ಶೆಡ್ಡಿನಲ್ಲಿ ಯಾವ ಮಗ್ಗ ಕೆಟ್ಟಿದೆ ಎಂದು ಹೇಳುತ್ತಿದ್ದೆ. ಜನ ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ನನ್ನ ಕಿವಿಗಾಗಿ. ಹೋದ ವರ್ಷದ ಹಿಂದಿನ ವರ್ಷ ನಮ್ಮ ಶೆಡ್ಡಿನಲ್ಲಿ ಅಡ್ಡ ಎಳೆ ಒಯ್ಯುವ ಲಾಳಿ ಸಿಕ್ಕಿಕೊಂಡು ಹಾಸು ಹರಿಯುತ್ತಿತ್ತು. ಎಲ್ಲರೂ ಕೂಗಿದರಂತೆ. ನಾನು ಬೆನ್ನು ಹಾಕಿ ನಿಂತಿದ್ದೆ. ಹಿಂದೆ ಸರಿದಾಗ ಮಗ್ಗದ ಮೋಟಾರಿನ ಬೆಲ್ಟು ನನ್ನ ಪಂಚೆಯನ್ನು ಎಳೆದುಕೊಂಡಿತು. ನಂದಕುಮಾರ ಓಡಿ ಬಂದು ಬಿಡಿಸಿದ. ಅವನು ಬೆವೆತುಹೋಗಿದ್ದ. “ಅಪ್ಪಾ, ಇನ್ಮೇಲೆ ನೀವು ಶೆಡ್ಡಿಗೆ ಬರ್ಬೇಡಿ” ಎಂದ. ಆ ಒಂದು ಮಾತು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು. ಅಂದಿನಿಂದ ಒಳಗೆ ಕಾಲಿಟ್ಟಿಲ್ಲ. ಮಗನ ಮೇಲೆ ಕೋಪವಿಲ್ಲ, ಬೇಸರವಿದೆ.

ಯಂತ್ರ ಬಿಟ್ಟು ಇರಲಾರದೆ ಪತ್ರಿಕೆಗೆ ಬರೆಯಲು ಶುರು ಮಾಡಿದೆ. ಕಾಗದದಲ್ಲಿ ನಾನು ಕಿವುಡನೆಂದು ಯಾರಿಗೂ ತಿಳಿಯುವುದಿಲ್ಲವಲ್ಲ.

ಯುಗಾದಿ ಹತ್ತಿರ ಬಂತು. ನಿಮ್ಮ ಜೀಪಿನ ಸದ್ದು ಕೇಳಬಲ್ಲವರು ಯಾರಾದರೂ ಇದ್ದರೆ ಅವರನ್ನು ಕರೆಸಿ. ನನ್ನನ್ನು ನಂಬಿ ಅದನ್ನು ಕಳೆದುಕೊಳ್ಳಬೇಡಿ.

ಇಂತು,
ರಾಮಲಿಂಗಯ್ಯ

*

ನಂದಗುಡಿ
16-2-1992

ಅಣ್ಣಾ,

ನಿಮ್ಮ ಕಾಗದ ಓದಿ ಅತ್ತೆ, “ಮದ್ಲೇ ಯೋಳಿದ್ರೆ ನಾನೂ ಎಣ್ಣೆ ವಿಷ್ಯಕ್ಕೆ ಅಷ್ಟು ಬಯ್ತಿರ್ನಿಲ್ಲ” ಎಂದರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಅವರು ಕಣ್ಣು ಒರೆಸಿಕೊಂಡರು, ಅಷ್ಟು ಸಾಕು.

ಈಗ ನನ್ನ ಮಾತು. ನನಗೆ ಎರಡು ಕಿವಿಗಳಿವೆ, ನನ್ನ ಗಂಡನಿಗೆ ಎರಡು, ಆ ಮೆಕ್ಯಾನಿಕ್ಕಿಗೂ ಎರಡು. ಕೇಳಿದ ಯಾರೂ ನನ್ನ ಜೀಪಿಗೆ ಒಂದು ಕಿಡಿ ಕೊಡಲಿಲ್ಲ. ಅಂಗೈ ಇಟ್ಟು ನೋಡು ಎಂದು ಹೇಳಿದವರು ನೀವೊಬ್ಬರೇ. ಬೇರೆ ಯಾರನ್ನೂ ನಾನು ಕರೆಯುವುದಿಲ್ಲ. ನಾನು ಕೇಳಿ ಬರೆಯುತ್ತೇನೆ, ನೀವು ಓದಿ ಹೇಳಿ.

ಸದ್ದು ಹೀಗಿದೆ. ಶುರುವಿನಲ್ಲಿ ಡುಗು ಡುಗು ಡುಗು ಡುಗು, ಸಮವಾಗಿ. ಕಾಯುತ್ತಾ ಬಂದಂತೆ ಡುಗು ಡುಗು, ಒಂದು ಖಾಲಿ, ಡುಗು, ಎರಡು ಖಾಲಿ, ಕೊನೆಗೆ ಹಿಂದಿನಿಂದ ‘ಢಬ್’ ಎಂದು ಒಂದು ಸಿಡಿತ. ಬಾನೆಟ್ಟಿನ ಮೇಲೆ ಕೈಯಿಟ್ಟೂ ನೋಡಿದೆ. ಖಾಲಿ ಬಂದಾಗ ಇಡೀ ಜೀಪು ಬಿಕ್ಕಳಿಸುತ್ತದೆ. ಪಾಯಿಂಟಿನ ತುದಿಗಳು ಈಗಲೂ ಕಪ್ಪಾಗುತ್ತಿವೆ.

ಹೇಳಲು ಮರೆತೆ. ನಿಮ್ಮ ಕಡ್ಡಿ ಮೊನ್ನೆ ಕೆಳಗೆ ಬಿದ್ದು ಕಾಣೆಯಾಯಿತು. ಎಲ್ಲರೂ ಹುಡುಕಿದೆವು. ಅತ್ತೆಗೆ ಸಿಕ್ಕಿತು, ಕೂದಲು ಎಂದುಕೊಂಡು ಗುಡಿಸಿ ಹಾಕುವವರಿದ್ದರು. ಎರಡು ಬೆರಳಲ್ಲಿ ಹಿಡಿದರೆ ಬಳುಕುವ ಇಂಥ ನಾಜೂಕು ಕಡ್ಡಿಯಲ್ಲಿ ನೀವು ಹೇಗೆ ನೇಯುತ್ತೀರೋ, ನಿಮ್ಮ ಕೈಗೆ ಶರಣು.

ನಿಮ್ಮ ತಂಗಿ,
ಮಾರಕ್ಕ

*

ದೊಡ್ಡಬಳ್ಳಾಪುರ
1-3-1992

ತಂಗಿ ಮಾರಕ್ಕನಿಗೆ,

ಕಾರ್ಬರೇಟರ್ ಮುಟ್ಟಬೇಡಿ. ತಪ್ಪು ನನ್ನದು.

ನಿಮ್ಮ ಕಾಗದದಲ್ಲಿ ‘ಬಳುಕುವ’ ಎಂಬ ಮಾತು ಓದಿ ಎದ್ದು ನಿಂತೆ. ನನ್ನ ಹಣಿಗೆಯ ಕಡ್ಡಿ ಬಳುಕುವುದಿಲ್ಲ. ದಪ್ಪ ನೂಲಿನ ಹಣಿಗೆ ಅದು, ಕಡ್ಡಿ ಗಟ್ಟಿ. ರುಕ್ಮಿಣಿಯನ್ನು ಕೇಳಿದೆ. ಶೆಡ್ಡಿನಲ್ಲಿ ಬಿದ್ದಿದ್ದ ಹಣಿಗೆಯಿಂದ ಒಂದು ಕಿತ್ತು ಹಾಕಿದೆ ಎಂದಳು. ನಾನು ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಎಲ್ಲರಿಗೂ ಮುಟ್ಟಿ ನೋಡಿ ಎಂದು ಉಪದೇಶ ಮಾಡುವ ನಾನು!

ಚಪ್ಪಲಿ ಬಿಟ್ಟು ಶೆಡ್ಡಿನೊಳಗೆ ಹೋದೆ. ನಂದಕುಮಾರ ನನ್ನನ್ನು ನೋಡಿ ಓಡಿ ಬಂದ. ಅವನ ತುಟಿ ಆಡುತ್ತಿತ್ತು, ನನಗೆ ತಿಳಿಯಲಿಲ್ಲ. ಆಗ ಅವನು ಒಂದು ಕೆಲಸ ಮಾಡಿದ. ಮೇನ್ ಸ್ವಿಚ್ ಆರಿಸಿಬಿಟ್ಟ. ಕೆಲಸದ ಹೊತ್ತಿನಲ್ಲಿ ಎಲ್ಲ ಮಗ್ಗಗಳೂ ನಿಂತವು. ನನ್ನ ಎದುರು ಬಂದು ನಿಂತು, “ಏನ್ ಬೇಕಿತ್ತಪ್ಪಾ?” ಎಂದು ಕೇಳಿದ. ಆ ನಿಶ್ಶಬ್ದದಲ್ಲಿ ಅವನ ದನಿ ನನಗೆ ಕೇಳಿಸಿತು. ಎಷ್ಟು ಒಡೆದ ದನಿ ಅವನದು ಈಗ! ನನ್ನ ಅಪ್ಪನ ದನಿಯ ಹಾಗೇ ಇದೆ.

ನಿಮ್ಮ ಜೀಪಿನ ಕಥೆ ಹೇಳಿದೆ. ಅವನು ತಲೆ ಮೇಲೆ ಕೈಯಿಟ್ಟುಕೊಂಡ. “ಸಣ್ಣ ನೂಲಿಗೆ ಬದಲಾಯ್ಸಿ ಎಷ್ಟು ದಿನ ಆಯ್ತಪ್ಪಾ. ಹಣಿಗೆ ಎಲ್ಲಾ ಹೊಸದು. ನಿಮಗೆ ಗೊತ್ತಿರ್ಲಿಲ್ವಾ?” ಎಂದ. ನನ್ನದೇ ಶೆಡ್ಡಿನಲ್ಲಿ ಏನು ನೇಯುತ್ತಾರೆಂದು ನನಗೆ ತಿಳಿದಿರಲಿಲ್ಲ, ತಂಗಿ. ತಪ್ಪು ಕಡ್ಡಿ ಕಳಿಸಿ ನಿಮ್ಮ ಕೈಯಲ್ಲಿ ಸುಮ್ಮನೆ ಬಿಚ್ಚಿಸಿದೆ. ಸಂದಿ ಕಿರಿದಾದ್ದರಿಂದಲೇ ಪಾಯಿಂಟು ಸುಟ್ಟು ಕಪ್ಪಾಗುತ್ತಿತ್ತು. ನೀವು ಮೊದಲೇ ಬರೆದಿದ್ದಿರಿ, ನಾನು ನನ್ನ ಅಳತೆಯ ಮೇಲಿನ ಹೆಮ್ಮೆಯಲ್ಲಿ ನಂಬಲಿಲ್ಲ.

ನಾನೂ ನಂದಕುಮಾರನೂ ಅಟ್ಟದ ಮೇಲೆ ಹಳೆಯ ಹಣಿಗೆ ಹುಡುಕಿದೆವು. ಇದರೊಂದಿಗೆ ಇರುವ ಕಡ್ಡಿಯನ್ನು ನಾನೇ ಬಿಡಿಸಿ, ಬೆರಳಲ್ಲಿ ತಿಕ್ಕಿ ನೋಡಿ, ಬಗ್ಗುವುದಿಲ್ಲ ಎಂದು ತಿಳಿದು ಹಾಕಿದ್ದೇನೆ. ಸುಟ್ಟ ಪಾಯಿಂಟನ್ನು ಎಸೆದು ಹೊಸದು ತನ್ನಿ. ಕೈಯಲ್ಲಿ ಉಳಿದ ಆ ನಟ್ಟು ಬಹುಶಃ ಏರ್‌ಫಿಲ್ಟರಿನದು.

ಓಡಬೇಕು. ಓಡಲೇಬೇಕು.

ನಿಮ್ಮ ಅಣ್ಣ,
ರಾಮಲಿಂಗಯ್ಯ

*

ದೊಡ್ಡಬಳ್ಳಾಪುರ
12-4-1992

ತಂಗಿ ಮಾರಕ್ಕನಿಗೆ,

ನೀವೆಲ್ಲ ಸುಖವಾಗಿ ಊರು ಸೇರಿದ ಸುದ್ದಿ ತಿಳಿಯಿತು. ಯುಗಾದಿಯ ಮಾರನೇ ದಿನ ಅಂಥ ಹಬ್ಬ ನಮ್ಮ ಬೀದಿಗೆ ಬರುತ್ತದೆಂದು ಯಾರು ಎಣಿಸಿದ್ದರು? ನೀವು ಹೇಳದೆ ಕೇಳದೆ ಜೀಪು ಓಡಿಸಿಕೊಂಡು ಬಂದಿರಿ. ಹಾರನ್ ಹೊಡೆದಿರಂತೆ, ಹೊಡೆದೇ ಹೊಡೆದಿರಂತೆ. ಬೀದಿಯೆಲ್ಲ ಹೊರಗೆ ಬಂದಿತ್ತು. ನಾನು ಬೆನ್ನು ಹಾಕಿ ಇಸ್ತ್ರಿ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದೆ. ಚಿಕ್ಕಬೀರಪ್ಪನವರು ಇಳಿದು ಬಂದು ನನ್ನ ಹೆಗಲು ಮುಟ್ಟಲು ಹೊರಟರಂತೆ. ನೀವು ಬೇಡವೆಂದು ತಡೆದಿರಂತೆ. ಇದೆಲ್ಲ ರುಕ್ಮಿಣಿ ಆಮೇಲೆ ಹೇಳಿದ್ದು.

ನನಗೆ ತಿಳಿದದ್ದು ಇಷ್ಟು. ನಾನು ಕೂತ ಜಗಲಿ ಕಲ್ಲು ಸಣ್ಣಗೆ ನಡುಗತೊಡಗಿತು. ನೀವು ಜೀಪನ್ನು ಜಗಲಿಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದ್ದಿರಿ. ಆ ನಡುಕ ತೊಡೆಯಿಂದ ಬೆನ್ನಿಗೆ ಹತ್ತಿತು. ಎಲ್ಲೂ ಖಾಲಿಯಿಲ್ಲ, ಎಲ್ಲೂ ಬಿಕ್ಕಳಿಕೆಯಿಲ್ಲ. ತಿರುಗಿ ನೋಡುವ ಮೊದಲೇ ನಾನು, “ನಾಲ್ಕೂ ಹೊಡೀತಾ ಇವೆ” ಎಂದೆ. ಜೋರಾಗಿಯೇ ಅಂದಿರಬೇಕು, ಬೀದಿಯವರೆಲ್ಲ ಚಪ್ಪಾಳೆ ತಟ್ಟಿದ್ದು ನನ್ನ ಕಣ್ಣಿಗೆ ಕಂಡಿತು.

ನಿಮ್ಮನ್ನು ನೋಡಿದೆ. ಇಷ್ಟು ಗಟ್ಟಿ ಕಾಗದ ಬರೆಯುವವರು ಅಷ್ಟು ಪುಟ್ಟ ಆಳು ಎಂದು ಎಣಿಸಿರಲಿಲ್ಲ. ನಿಮ್ಮ ಅತ್ತೆಯವರು ಬುಟ್ಟಿಯಲ್ಲಿ ಆ ಕೆಂಚಿ ಕೋಳಿಯನ್ನೂ ತಂದದ್ದು ನೋಡಿ ಆದಿನಾರಾಯಣಪ್ಪನವರು ಇನ್ನೂ ನಗುತ್ತಿದ್ದಾರೆ.

ಇನ್ನೊಂದು ಸುದ್ದಿ. ನೀವು ಹೋದ ಮೇಲೆ ನಂದಕುಮಾರ ನನ್ನ ಕೈ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋದ. ಮೂಲೆಯ ಮಗ್ಗ ಕೆಲವು ದಿನಗಳಿಂದ ಎಳೆ ಬಿಡುತ್ತಿದೆಯಂತೆ. ನನ್ನ ಅಂಗೈಯನ್ನು ಅದರ ಚೌಕಟ್ಟಿನ ಮೇಲೆ ಇಟ್ಟು, ಬೆಲ್ಟಿನ ಕಡೆ ತಾನು ನಿಂತುಕೊಂಡ. ದೋಷ ಎಲ್ಲಿದೆ ಎಂದು ತೋರಿಸಿದೆ. ಈಗ ದಿನವೂ ಮಧ್ಯಾಹ್ನ ಒಂದು ಸುತ್ತು ಹೋಗುತ್ತೇನೆ. ಅವನು ಬೆಲ್ಟಿನ ಕಡೆಯೇ ನಡೆಯುತ್ತಾನೆ.

ಒಂದೇ ಒಂದು ಆಸೆ ಉಳಿದಿದೆ. ಜೀಪನ್ನು ಕಲ್ಲಿನಲ್ಲಿ ಕಂಡೆ, ಕೈಯಲ್ಲಿ ಕಂಡೆ. ಅದರ ಸದ್ದು ಹೇಗಿದೆ? ರುಕ್ಮಿಣಿಯನ್ನು ಕೇಳಿದರೆ “ಜೋರಾಗಿತ್ತು” ಎನ್ನುತ್ತಾಳೆ. ನಂದಕುಮಾರ “ಚೆನ್ನಾಗಿತ್ತು” ಎನ್ನುತ್ತಾನೆ. ನೀವು ಬರೆಯಿರಿ.

ನಿಮ್ಮ ಅಣ್ಣ,
ರಾಮಲಿಂಗಯ್ಯ

*

ನಂದಗುಡಿ
26-4-1992

ಅಣ್ಣನಿಗೆ,

ನಿಮಗೆ ಬರೆಯಬೇಕೆಂದು ಇವತ್ತು ಬೆಳಿಗ್ಗೆ ಜೀಪು ಶುರು ಮಾಡಿ, ಅದರ ಪಕ್ಕ ಕಣ್ಣು ಮುಚ್ಚಿ ನಿಂತೆ. ನೋಡಿದವರು ಏನಂದುಕೊಂಡರೋ.

ಸುಳ್ಳು ಹೇಳುವುದಿಲ್ಲ, ಅದು ಇಂಪಾದ ಸದ್ದಲ್ಲ. ಗಂಟಲು ಕಟ್ಟಿದ ಮುದುಕ ಸಮಾಧಾನದಲ್ಲಿ ಮಾತಾಡಿದ ಹಾಗಿದೆ. ಮೊದಲು ‘ಖರ್ರ್’ ಎಂದು ಒಂದು ಎಳೆತ. ಆಮೇಲೆ ಡುಗುಡುಗುಡುಗುಡುಗು, ನಡುವೆ ಬೆರಳು ತೂರಿಸಲು ಸಂದಿಯಿಲ್ಲ. ಬಾನೆಟ್ಟಿನ ಒಂದು ತಗಡು ಅದರ ಮೇಲೆ ಚಿಲಿ ಚಿಲಿ ಎಂದು ತಾಳ ಹಾಕುತ್ತದೆ, ಬಿಗಿ ಮಾಡಬಹುದು, ನನಗೇ ಮನಸ್ಸಿಲ್ಲ. ಎಕ್ಸಿಲರೇಟರ್ ಒತ್ತಿದರೆ ದನಿ ದಪ್ಪವಾಗಿ ‘ಹೂಂ’ ಎನ್ನುತ್ತದೆ. ಆರಿಸಿದ ಮೇಲೆ ಸುಮ್ಮನಾಗುವುದಿಲ್ಲ, ಕಬ್ಬಿಣ ತಣಿಯುತ್ತಾ ಟಿಕ್, ಟಿಕ್ ಎಂದು ಇನ್ನೂ ಸ್ವಲ್ಪ ಹೊತ್ತು ಏನೋ ಹೇಳುತ್ತಿರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ್ದು ಅದೇ.

ಊರ ಬಾಗಿಲು ದಾಟಿದ ದಿನ ಹೇಗಿತ್ತೆಂದು ನಿಮ್ಮ ಮನೆಗೆ ಬಂದಾಗ ಹೇಳಲು ಬಿಡುವಾಗಲಿಲ್ಲ. ಗುಜರಿಯವನು ಲಾರಿ ತಂದು ಕಾಯುತ್ತಿದ್ದ. ಜನ ಸೇರಿದ್ದರು. ಯಾರೋ, “ಎತ್ತು ತರ್ಬೇಕೇನ್ಲಾ ಬೀರಪ್ಪಾ?” ಎಂದು ಕೂಗಿದರು. ನನ್ನ ಗಂಡನ ಮುಖ ಇಳಿದುಹೋಯಿತು. ನಾನು ಗೇರು ಹಾಕಿದೆ. ಬಾಗಿಲು ದಾಟಿದೆ. ನಿಲ್ಲಿಸಲಿಲ್ಲ, ಸೂಲಿಬೆಲೆ ದಾರಿಯಲ್ಲಿ ಅದು ನಿಂತಿದ್ದ ಜಾಗದವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ನನ್ನ ಗಂಡ ಓಡುತ್ತಾ ಬಂದು ಪಕ್ಕದಲ್ಲಿ ಹತ್ತಿದವರು, ಊರೊಳಗೆ ಬರುವಾಗ ಎಲ್ಲರಿಗೂ ಕೇಳುವ ಹಾಗೆ, “ಸೈಡು, ಸೈಡು, ನಮ್ ಜೀಪು ಬತ್ತಾ ಐತೆ!” ಎಂದರು. ‘ನಮ್’ ಜೀಪಂತೆ! ಇರಲಿ ಬಿಡಿ.

ಈಗ ವಾರಕ್ಕೆರಡು ಸಲ ಟೊಮೇಟೊ ಹಾಕಿಕೊಂಡು ಹೊಸಕೋಟೆ ಮಾರ್ಕೆಟ್ಟಿಗೆ ಹೋಗುತ್ತೇನೆ. ಮೊನ್ನೆ ಅಲ್ಲಿ ಮೂರು ನಾಲ್ಕು ಮಂದಿ ಜೀಪಿನ ಸುತ್ತ ನಿಂತು, ಕೆಲಸ ಮಾಡಿದ ಮೆಕ್ಯಾನಿಕ್ ಯಾರು ಎಂದು ಕೇಳಿದರು. ಒಬ್ಬನ ಟೆಂಪೊ ಕೆಟ್ಟಿದೆ, ಇನ್ನೊಬ್ಬನ ಡೀಸೆಲ್ ಪಂಪು ಏಳುತ್ತಿಲ್ಲ. ನಮ್ಮಣ್ಣ ಮಾಡಿದ್ದು, ದೊಡ್ಡಬಳ್ಳಾಪುರದಲ್ಲಿದ್ದಾರೆ, ಕೂತಲ್ಲಿಂದಲೇ ಗಾಡಿ ಎಬ್ಬಿಸುತ್ತಾರೆ ಎಂದೆ. ನಾನು ಸ್ವಲ್ಪ ಜಂಬ ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಅವರು ಫೋನ್ ನಂಬರ್ ಕೇಳಿದರು.

ನಮ್ಮಣ್ಣನಿಗೆ ಫೋನು ಆಗೋದಿಲ್ಲ, ಕಾಗದ ಬರೀರಿ ಎಂದು ನಿಮ್ಮ ವಿಳಾಸ ಕೊಟ್ಟಿದ್ದೇನೆ.

ನಿಮ್ಮ ತಂಗಿ,
ಮಾರಕ್ಕ